ಹಿಂಬದಿಯ ಹಲಗೆ ಬಿಚ್ಚಿದ ಮೇಲೆ



ಹೋದ ಮಳೆಗಾಲದ ಒಂದು ಮಧ್ಯಾಹ್ನ ನನ್ನ ರಿಪೇರಿ ಅಂಗಡಿಯ ಮುಂದೆ ಆಟೋ ನಿಂತಿತು. ಹಿಂದಿನ ಸೀಟಿನ ತುಂಬ ಹಳೆಯ ಜಮಖಾನ ಸುತ್ತಿದ ಒಂದು ಪೆಟ್ಟಿಗೆ, ಅದರ ಪಕ್ಕ ಮುದುಡಿ ಕೂತ ಅರವತ್ತೈದು ದಾಟಿದ ಒಬ್ಬ ತಾಯಿ. ಪೆಟ್ಟಿಗೆ ಇಳಿಸಲು ನಾನೂ ಆಟೋದವರೂ ಕೈ ಹಾಕಬೇಕಾಯಿತು. ಜಮಖಾನ ಸರಿಸಿದರೆ ಫೆಂಡರ್ ಕಂಪನಿಯ ಟ್ವಿನ್ ರಿವರ್ಬ್, ಗಿಟಾರ್ ಆಂಪ್ಲಿಫೈಯರ್. ಅವರ ಯಜಮಾನರು ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಿದ್ದವರು. ಅಮೆರಿಕದಲ್ಲಿದ್ದ ಮೈದುನ ಎಂಬತ್ತರ ದಶಕದಲ್ಲಿ ಅಲ್ಲಿ ಹಳೆಯದನ್ನೇ ಕೊಂಡು ಹಡಗಿನಲ್ಲಿ ಕಳಿಸಿದ್ದರಂತೆ. ಯಜಮಾನರು ತೀರಿಕೊಂಡು ಮೂರು ವರ್ಷವಾಗಿತ್ತು.

‘ಅಣ್ಣಾ, ಗುಜರಿಯವನು ಎಂಟು ಸಾವಿರ ಅಂದ. ನಮ್ಮಕ್ಕನ ಮೊಮ್ಮಗ ಎಲ್ಲೋ ನೋಡಿ ನಾಲ್ಕು ಲಕ್ಷ ಬರತ್ತೆ ಅಂತಾನೆ. ನನಗೆ ಮೋಸ ಆಗಬಾರದು, ತಗೊಳ್ಳೋರಿಗೂ ಮೋಸ ಆಗಬಾರದು. ಎಷ್ಟು ಅಂತ ನೀವೇ ಹೇಳಿ’ ಅಂದರು.

ನಲವತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಕೊಳ್ಳುವವರ ಮೋಸದ ಬಗ್ಗೆಯೂ ಚಿಂತಿಸಿದ ಮಾರಾಟಗಾರರನ್ನು ಕಂಡಿದ್ದು ಬೆರಳೆಣಿಕೆಯಷ್ಟು. ಈವತ್ತಿನ ಮಾತು ಅವರ ಆ ಪ್ರಶ್ನೆಗೆ ನಾನು ಹುಡುಕಿದ ಉತ್ತರ.

ಗಿಟಾರ್ ಆಂಪ್ಲಿಫೈಯರ್ ನೋಡದವರಿಗೆ ಮೊದಲು ಒಂದು ವಿಷಯ ಹೇಳಬೇಕು. ಸಭೆ ಸಮಾರಂಭದ ಮೈಕ್‌ಸೆಟ್‌ನ ಕೆಲಸ ಇದ್ದ ದನಿಯನ್ನು ಇದ್ದ ಹಾಗೆಯೇ ದೊಡ್ಡದು ಮಾಡುವುದು. ಎಲೆಕ್ಟ್ರಿಕ್ ಗಿಟಾರಿನ ಆಂಪ್ ಹಾಗಲ್ಲ, ಅದು ವಾದ್ಯದ ಅರ್ಧ ಭಾಗ. ವೀಣೆಗೆ ಹಲಸಿನ ಮರದ ಕೊಡ ಹೇಗೋ ಈ ಗಿಟಾರಿಗೆ ಆಂಪ್ ಮತ್ತು ಸ್ಪೀಕರ್ ಪೆಟ್ಟಿಗೆ ಹಾಗೆ. ನಮ್ಮ ಮನೆಗಳ ಹಳೆಯ ರೇಡಿಯೋದಲ್ಲಿ ಕೆಂಪಗೆ ಉರಿಯುತ್ತಿದ್ದ ಗಾಜಿನ ವಾಲ್ವ್‌ಗಳೇ ಇದರಲ್ಲೂ ಇರುತ್ತವೆ. ವಾಲ್ವ್ ತನ್ನ ಶಕ್ತಿಯ ಅಂಚಿಗೆ ಬಂದಾಗ ನಾದ ಒಡೆಯುತ್ತದಲ್ಲ, ಆ ಒಡೆದ ನಾದಕ್ಕೇ ಜಗತ್ತಿನ ಗಿಟಾರ್ ವಾದಕರು ಮರುಳಾಗಿದ್ದಾರೆ. ಐವತ್ತು ಅರವತ್ತು ವರ್ಷದ ಹಳೆಯ ಪೆಟ್ಟಿಗೆಗೆ ಹೊಸದಕ್ಕಿಂತ ಹೆಚ್ಚು ಬೆಲೆ ಬರುವುದು ಹೀಗೆ.

ಆದರೆ ಹಳೆಯದು ಅಂದಮಾತ್ರಕ್ಕೆ ಬೆಲೆ ಬರುವುದಿಲ್ಲ. ಈ ಲೋಕದಲ್ಲಿ ಬೆಲೆಯನ್ನು ಕೂಗಿ ಹೇಳುವುದು ಮುಂಭಾಗದ ಫಲಕ. ಫಲಕದ ಬಣ್ಣ, ಅದರ ಮೇಲಿನ ಅಕ್ಷರ, ಅದು ಯಾವ ವರ್ಷದ್ದು ಎಂಬುದರ ಮೇಲೆ ಲಕ್ಷಗಳು ಏರಿಳಿಯುತ್ತವೆ. ನಾದ ಹುಟ್ಟುವುದು ಮಾತ್ರ ಹಿಂಬದಿಯ ಹಲಗೆಯ ಒಳಗೆ. ಫಲಕದ ಬೆಲೆ ಬೇರೆ, ಒಳಗಿನ ಬೆಲೆ ಬೇರೆ ಎಂದು ಗೊತ್ತಿರುವವರು ಮಾತ್ರ ನ್ಯಾಯದ ಬೆಲೆ ಹೇಳಬಲ್ಲರು ಎಂದು ನಾನು ನಂಬಿದ್ದೇನೆ.

ಎರಡು ಊರುಗಳ ಕಥೆ ಹೇಳಿದರೆ ಇದು ಸ್ಪಷ್ಟವಾದೀತು. ಮೊದಲನೆಯದು ಕ್ಯಾಲಿಫೋರ್ನಿಯದ ಫುಲ್ಲರ್ಟನ್. ಲಿಯೋ ಫೆಂಡರ್ ಅಲ್ಲಿ ಗಿಟಾರ್ ಮತ್ತು ಆಂಪ್ ತಯಾರಿಸುತ್ತಿದ್ದರು. 1965ರ ಜನವರಿಯಲ್ಲಿ ಅವರ ಕಂಪನಿಯನ್ನು ಸಿಬಿಎಸ್ ಎಂಬ ದೊಡ್ಡ ಸಂಸ್ಥೆ 1 ಕೋಟಿ 30 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಸಿಬಿಎಸ್‌ಗೆ ಮುಂಚಿನದು ಚಿನ್ನ, ಆಮೇಲಿನದು ತಗಡು ಎಂಬ ಮಾತು ವಾದಕರಲ್ಲಿ ಹುಟ್ಟಿಕೊಂಡಿತು. 1963ರ ಸುಮಾರಿನಿಂದ ಫೆಂಡರ್ ಆಂಪ್‌ಗಳ ಫಲಕ ಕಪ್ಪಾಗಿತ್ತು. 1967-68ರಲ್ಲಿ ಅದನ್ನು ಬೆಳ್ಳಿ ಬಣ್ಣಕ್ಕೆ ಬದಲಾಯಿಸಿದರು. ಈಗಲೂ ಮಾರುಕಟ್ಟೆಯಲ್ಲಿ ಕಪ್ಪು ಫಲಕಕ್ಕೆ ಒಂದು ಬೆಲೆ, ಬೆಳ್ಳಿ ಫಲಕಕ್ಕೆ ಅದಕ್ಕಿಂತ ಬಹಳ ಕಡಿಮೆ.

ಒಳಗೆ ಏನಾಯಿತು ಎಂಬುದನ್ನು ಮಾತ್ರ ಬಹಳ ಜನ ಕೇಳುವುದಿಲ್ಲ. ಫೆಂಡರ್ ತನ್ನ ಸರ್ಕ್ಯೂಟ್‌ಗಳಿಗೆ ಕೊಟ್ಟ ಹೆಸರಿನಲ್ಲೇ ಉತ್ತರವಿದೆ. ಟ್ವಿನ್ ರಿವರ್ಬ್‌ನ ಹೆಸರಾಂತ ಸರ್ಕ್ಯೂಟ್ ಎಬಿ763. ಕೊನೆಯ ಮೂರು ಅಂಕಿಗಳು ತಿಂಗಳು ಮತ್ತು ವರ್ಷ: 1963ರ ಜುಲೈ. ಅದರ ನಂತರದ್ದು ಎಸಿ568, ಅಂದರೆ 1968ರ ಮೇ. ಫಲಕ ಬೆಳ್ಳಿಯಾದ ಮೇಲೂ ಕೆಲವು ತಿಂಗಳು ಒಳಗೆ ಹಳೆಯ ಎಬಿ763 ಸರ್ಕ್ಯೂಟೇ ಕೂತಿತ್ತು. ಅಂಥ ಆಂಪ್ ಕೊಂಡವರು ಕಪ್ಪು ಫಲಕದ ನಾದವನ್ನು ಬೆಳ್ಳಿ ಫಲಕದ ಬೆಲೆಗೆ ಕೊಂಡಹಾಗೆ. ಇದರ ಉಲ್ಟಾ ಕೂಡ ನಡೆಯುತ್ತದೆ. ಎಪ್ಪತ್ತರ ದಶಕದ ಆಂಪ್‌ಗೆ ಹೊಸ ಕಪ್ಪು ಫಲಕ ತೊಡಿಸಿ ಅರವತ್ತನಾಲ್ಕರದ್ದು ಎಂದು ಮಾರುವವರಿದ್ದಾರೆ. ಅಷ್ಟೇ ಅಲ್ಲ, 1990ರ ದಶಕದಿಂದ ಕಂಪನಿಯೇ ಹಳೆಯ ಮಾದರಿಗಳನ್ನು ಮರುತಯಾರಿಕೆ ಮಾಡುತ್ತಿದೆ. ಒಳ್ಳೆಯ ಆಂಪ್‌ಗಳೇ ಅವು. ಆದರೆ ಅವುಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ಅಚ್ಚಾದ ಸರ್ಕ್ಯೂಟ್ ಬೋರ್ಡು, ಕೈಯಲ್ಲಿ ವಯರ್ ಹಾಕಿದ್ದಲ್ಲ. ಇಪ್ಪತ್ತೈದು ವರ್ಷ ಧೂಳು ಕುಡಿದ ಮೇಲೆ ಮುಂದಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ.

ಎರಡನೆಯ ಊರು ಲಂಡನ್ನಿನ ಪಶ್ಚಿಮಕ್ಕಿರುವ ಹ್ಯಾನ್‌ವೆಲ್. ಜಿಮ್ ಮಾರ್ಷಲ್ ಡ್ರಮ್ ಕಲಿಸುತ್ತಿದ್ದರು, ಅಕ್ಸ್‌ಬ್ರಿಡ್ಜ್ ರಸ್ತೆಯಲ್ಲಿ ಡ್ರಮ್ ಅಂಗಡಿ ಇಟ್ಟಿದ್ದರು. ಅಂಗಡಿಗೆ ಬರುವ ಹುಡುಗರಿಗೆ ಫೆಂಡರ್ ಬಾಸ್‌ಮನ್ ಆಂಪ್ ಬೇಕು, ಆದರೆ ಅಮೆರಿಕದಿಂದ ಬಂದ ಮಾಲಿನ ಬೆಲೆ ಅವರ ಕೈಗೆಟುಕದು. ಅಂಗಡಿಯ ರಿಪೇರಿ ಕೆಲಸದ ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಎಂಬ ಎಳೆಯ ತಂತ್ರಜ್ಞ ಸೇರಿ 1962ರಲ್ಲಿ ಅದೇ ಬಾಸ್‌ಮನ್ ಸರ್ಕ್ಯೂಟನ್ನು ಇಂಗ್ಲೆಂಡಿನಲ್ಲಿ ಸಿಗುವ ಬಿಡಿಭಾಗಗಳಿಂದ ಕಟ್ಟಿದರು. ಅಮೆರಿಕದ ಸ್ಪೀಕರ್ ಜಾಗಕ್ಕೆ ಸೆಲೆಸ್ಟಿಯನ್, ಸ್ವಲ್ಪ ಕಾಲದ ಮೇಲೆ ಅಮೆರಿಕದ ವಾಲ್ವ್ ಜಾಗಕ್ಕೆ ಕೆಟಿ66. ಎರಡು ಸ್ಪೀಕರಿನ ಪೆಟ್ಟಿಗೆ ಆ ಶಕ್ತಿಯನ್ನು ತಾಳದೆ ಸ್ಪೀಕರ್‌ಗಳು ಸುಟ್ಟವು, ಅದಕ್ಕೇ ನಾಲ್ಕು ಹನ್ನೆರಡಿಂಚಿನ ಸ್ಪೀಕರ್‌ಗಳನ್ನು ಹಿಂದೆ ಪೂರ್ತಿ ಮುಚ್ಚಿದ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿದರು. ರಾಕ್ ಸಂಗೀತದ ವೇದಿಕೆಗಳಲ್ಲಿ ಗೋಡೆಯಂತೆ ಪೇರಿಸಿಟ್ಟ ಪೆಟ್ಟಿಗೆಗಳನ್ನು ಚಿತ್ರದಲ್ಲಾದರೂ ನೋಡಿರುತ್ತೀರಿ, ಅವುಗಳ ಮೂಲ ಇದು. ಹುಡುಗರ ಜೇಬಿಗೆ ಒಗ್ಗುವ ಬೆಲೆಗೆ ಹುಟ್ಟಿದ ವಸ್ತು ಇದೆಂದು ನೆನೆದಾಗಲೆಲ್ಲ, ಇವತ್ತು ಅದೇ ಆಂಪ್ ಹುಡುಗರ ಕಣ್ಣಿಗೂ ಬೀಳದಂತೆ ಹಣವಂತರ ಬೀರು ಸೇರಿದ್ದು ನನ್ನನ್ನು ಕಾಡುತ್ತದೆ.

ಮಾರ್ಷಲ್‌ನಲ್ಲೂ ಫಲಕದ ಕಥೆಯೇ. 1969ರವರೆಗೆ ಅವರ ಫಲಕ ಪ್ಲೆಕ್ಸಿಗ್ಲಾಸ್‌ನದು, ಆಮೇಲೆ ಅಲ್ಯೂಮಿನಿಯಂ. ಪ್ಲೆಕ್ಸಿ ಎಂಬ ಎರಡಕ್ಷರಕ್ಕೆ ಕೊಡುವ ಹೆಚ್ಚುವರಿ ಹಣದಲ್ಲಿ ಒಂದು ಒಳ್ಳೆಯ ಗಿಟಾರೇ ಬಂದೀತು. ಫಲಕ ಬದಲಾದ ದಿನ ಒಳಗಿನ ಸರ್ಕ್ಯೂಟ್ ಬದಲಾಗಲಿಲ್ಲ. ಕೈಯಲ್ಲಿ ವಯರ್ ಹಾಕುವುದು ನಿಂತು ಅಚ್ಚಾದ ಬೋರ್ಡು ಬಂದದ್ದು 1973-74ರ ಹೊತ್ತಿಗೆ. ನಾದ ಬಯಸುವವರಿಗೆ ಆ ಮಧ್ಯದ ನಾಲ್ಕೈದು ವರ್ಷದ ಆಂಪ್‌ಗಳಲ್ಲಿ ಕೊಟ್ಟ ಹಣಕ್ಕೆ ತಕ್ಕ ಮಾಲು ಸಿಗುತ್ತದೆ.

ಇನ್ನು ಆ ತಾಯಿಯ ಪೆಟ್ಟಿಗೆಗೆ ಬರೋಣ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಅವರೆದುರೇ ಹಿಂಬದಿಯ ಹಲಗೆ ಬಿಚ್ಚಿದೆ. ಮಾಲೀಕರ ಕಣ್ಣೆದುರಿಗಲ್ಲದೆ ನಾನು ಹಲಗೆ ಬಿಚ್ಚುವುದಿಲ್ಲ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಫಲಕ ಬೆಳ್ಳಿಯದು. ಮುಂದಿನ ಬಟ್ಟೆಯ ಸುತ್ತ ತೆಳುವಾದ ಅಲ್ಯೂಮಿನಿಯಂ ಅಂಚು, ಇದು ಬೆಳ್ಳಿ ಫಲಕದ ಮೊದಲ ಕಾಲದ ಗುರುತು. ಒಳಗಿನ ಭಾಗಗಳ ಮೇಲೆ ಒಂದೊಂದಕ್ಕೂ ಜಾತಕವಿದೆ. ವಾಲ್ಯೂಮ್ ಕಂಟ್ರೋಲ್‌ಗಳ ಬೆನ್ನಿನ ಮೇಲೆ ಏಳು ಅಂಕಿ. ಮೊದಲ ಮೂರು, 137, ಅದನ್ನು ಮಾಡಿದ ಸಿಟಿಎಸ್ ಕಂಪನಿಯ ಸಂಖ್ಯೆ. ಮುಂದಿನ ಎರಡು ವರ್ಷ, ಕೊನೆಯ ಎರಡು ಆ ವರ್ಷದ ಎಷ್ಟನೇ ವಾರ ಎಂಬುದು. ಇದರಲ್ಲಿ ಇದ್ದದ್ದು 137 6747, ಅಂದರೆ 1967ರ ನಲವತ್ತೇಳನೆಯ ವಾರ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೇಲೆ 606 ಎಂದು ಶುರುವಾಗುವ ಸಂಖ್ಯೆ, ಅದು ಶೂಮಾಕರ್ ಕಂಪನಿಯದು. ವರ್ಷ 8, ವಾರ 05. ಎರಡು ಸ್ಪೀಕರಿನಲ್ಲಿ ಒಂದರ ಮೇಲೆ 465, ಆಕ್ಸ್‌ಫರ್ಡ್ ಕಂಪನಿ, ವರ್ಷ 8, ವಾರ 07. ಜೆನ್ಸನ್ ಆಗಿದ್ದರೆ 220 ಎಂದಿರುತ್ತಿತ್ತು. ಆಂಪ್ ಹುಟ್ಟಿದ್ದು ಅದರ ಅತಿ ಕಿರಿಯ ಭಾಗಕ್ಕಿಂತ ಮುಂಚೆ ಆಗಲು ಸಾಧ್ಯವಿಲ್ಲ. ಭಾಗಗಳ ದಿನಾಂಕಗಳು ಕೆಲವೇ ತಿಂಗಳ ಅಂತರದಲ್ಲಿದ್ದರೆ ಅವೆಲ್ಲ ಒಟ್ಟಿಗೆ ಬಂದವು ಎಂದರ್ಥ. ಹಾಗಾದರೆ ಇದು 1968ರ ಮೊದಲ ಭಾಗದ್ದು. ಸರ್ಕ್ಯೂಟ್ ನೋಡಿದರೆ ಎಬಿ763. ಮಾರುಕಟ್ಟೆ ಕಡೆಗಣಿಸುವ ಬೆಳ್ಳಿ ಫಲಕ, ಒಳಗೆ ಎಲ್ಲರೂ ಹುಡುಕುವ ಜೀವ. ನನ್ನ ಮುಖ ನೋಡಿಯೇ ಆ ತಾಯಿಗೆ ಏನೋ ಒಳ್ಳೆಯದಿದೆ ಎಂದು ತಿಳಿದಿರಬೇಕು.

ಸಂಖ್ಯೆಗಳಷ್ಟೇ ಸಾಲವು, ಬೆಸುಗೆಗಳನ್ನೂ ನೋಡಬೇಕು. ಐವತ್ತು ವರ್ಷ ಯಾರೂ ಮುಟ್ಟದ ಬೆಸುಗೆ ಮಂಕಾಗಿ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಆಮೇಲೆ ಮಾಡಿದ್ದು ಹೊಳೆಯುತ್ತದೆ. ಸ್ಪೀಕರ್ ಕೂತ ಹಲಗೆಯ ಮೇಲೆ ಧೂಳಿನ ಉಂಗುರ ಇರುತ್ತದೆ. ಆ ಉಂಗುರ ಒಂದಳತೆ, ಕೂತಿರುವ ಸ್ಪೀಕರ್ ಇನ್ನೊಂದಳತೆ ಆದರೆ ಅಲ್ಲಿ ಮೊದಲು ಬೇರೆಯವರು ವಾಸವಾಗಿದ್ದರು.

ಮೇನ್ಸ್ ಟ್ರಾನ್ಸ್‌ಫಾರ್ಮರ್ ಮೇಲೆ ಮಾತ್ರ 606 ಇರಲಿಲ್ಲ, ಯಾವ ಸಂಖ್ಯೆಯೂ ಇರಲಿಲ್ಲ. ಕಾಯಿಲ್ ಸುತ್ತಿದ ಕಾಗದ ನಮ್ಮ ಊರಿನದು. ನಮ್ಮ ದೇಶಕ್ಕೆ ಬಂದ ಅಮೆರಿಕದ ಆಂಪ್‌ಗಳ ಹಣೆಬರಹವೇ ಇದು. ಅವನ್ನು ಮಾಡಿದ್ದು ಆಗಿನ ಅಲ್ಲಿನ 117 ವೋಲ್ಟಿಗೆ, ನಮ್ಮದು 230. ಯಾವುದೋ ಕಾರ್ಯಕ್ರಮದಲ್ಲಿ ಶಾಮಿಯಾನದ ಕತ್ತಲಲ್ಲಿ, ಯಾರೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮರೆತು ನೇರ ಗೋಡೆಯ ಪ್ಲಗ್ಗಿಗೆ ಚುಚ್ಚಿರುತ್ತಾರೆ. ಒಂದು ಕ್ಷಣದ ಹೊಗೆ, ಅಷ್ಟೇ. ‘ಹೌದು, ಒಂದ್ಸಲ ಮೈಸೂರಲ್ಲಿ ಹಾಗಾಗಿತ್ತು. ಇವರು ಎರಡು ದಿನ ಊಟ ಬಿಟ್ಟಿದ್ರು’ ಎಂದರು ಆ ತಾಯಿ. ಪುಣ್ಯಕ್ಕೆ ರೀವೈಂಡಿಂಗ್ ಮಾಡಿದವರು ಕೆಲಸ ಬಲ್ಲವರು. ಹಳೆಯ ಕಬ್ಬಿಣದ ತಿರುಳನ್ನೇ ಉಳಿಸಿಕೊಂಡು 230 ವೋಲ್ಟಿಗೆ ತಕ್ಕಂತೆ ಸುತ್ತಿದ್ದರು.

ಇದಕ್ಕೆ ಎಷ್ಟು ಕಳೆಯಬೇಕು? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅಮೆರಿಕದ ಸಂಗ್ರಾಹಕನ ಕಣ್ಣಿಗೆ ಇದು ದೊಡ್ಡ ಕುಂದು, ಮೂಲ ಟ್ರಾನ್ಸ್‌ಫಾರ್ಮರ್ ಹೋಯಿತು. ಇಲ್ಲಿ ವೇದಿಕೆಯ ಮೇಲೆ ನುಡಿಸುವವರಿಗೆ ಮಾತ್ರ ಅದೇ ಅನುಕೂಲ. ಸ್ಟೆಪ್‌ಡೌನ್ ಹೊರಬೇಕಿಲ್ಲ, ಮರೆತು ಸುಡುವ ಭಯವಿಲ್ಲ. 60 ಹರ್ಟ್ಸ್‌ಗೆಂದು ಸುತ್ತಿದ ಕಾಯಿಲ್ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುವ ತೊಂದರೆಯನ್ನೂ ಸುತ್ತಿದವರು ಗಮನದಲ್ಲಿಟ್ಟುಕೊಂಡಿದ್ದರು. ಒಂದೇ ವಸ್ತು, ಎರಡು ಊರಲ್ಲಿ ಎರಡು ನ್ಯಾಯ. ಇಂಗ್ಲೆಂಡಿನ ಮಾರ್ಷಲ್, ವಾಕ್ಸ್ ಆಂಪ್‌ಗಳಿಗೆ ಈ ಕಷ್ಟ ಕಡಿಮೆ. ಅವರ ವಿದ್ಯುತ್ತು ನಮ್ಮದಕ್ಕೆ ಹತ್ತಿರ, 50 ಹರ್ಟ್ಸ್‌ನದೇ, ಹಿಂದುಗಡೆ ವೋಲ್ಟೇಜ್ ಬದಲಿಸುವ ಗುಂಡಿಯೂ ಸಾಮಾನ್ಯ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬದಲಾಗಿದ್ದರೆ ನಾನು ಇನ್ನೂ ಹೆಚ್ಚು ಕಳೆಯುತ್ತಿದ್ದೆ, ಏಕೆಂದರೆ ನಾದ ಅದರ ಮೂಲಕವೇ ಹಾದುಬರುತ್ತದೆ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ಹಚ್ಚಿ ನುಡಿಸಿದರೆ ಮೊದಲು ಸಾಯುವುದು ಅದೇ. ಅಟ್ಟದಿಂದ ಇಳಿಸಿದ ಆಂಪ್ ಬದುಕಿದೆಯಾ ನೋಡೋಣ ಎಂದು ಹಾಗೇ ಸ್ವಿಚ್ ಹಾಕಬೇಡಿ, ದಯವಿಟ್ಟು.

ಸ್ಪೀಕರ್ ವಿಷಯಕ್ಕೆ ಒಂದು ಮಲ್ಟಿಮೀಟರ್ ಸಾಕು. ಎಂಟು ಓಮ್‌ನ ಒಳ್ಳೆಯ ಸ್ಪೀಕರ್ ಮೀಟರಿನಲ್ಲಿ ಆರರಿಂದ ಏಳು ತೋರಿಸುತ್ತದೆ, ಹದಿನಾರರದ್ದು ಹನ್ನೆರಡು ಹದಿಮೂರು. ಮಾರ್ಷಲ್ಲಿನ ನಾಲ್ಕು ಸ್ಪೀಕರ್ ಪೆಟ್ಟಿಗೆಯಲ್ಲಿ ಹದಿನಾರು ಓಮ್‌ನ ನಾಲ್ಕನ್ನು ಜೋಡಿಸಿ ಒಟ್ಟು ಹದಿನಾರೇ ಬರುವಂತೆ ಮಾಡಿದ್ದರೆ, ಹಿಂದಿನ ಜ್ಯಾಕಿನಲ್ಲಿ ಮೀಟರ್ ಇಟ್ಟಾಗ ಹನ್ನೆರಡು ಹದಿಮೂರು ಬರಬೇಕು. ಹತ್ತೊಂಬತ್ತೋ ಇಪ್ಪತ್ತಾರೋ ತೋರಿಸಿದರೆ ನಾಲ್ಕರಲ್ಲಿ ಒಂದು ಸತ್ತಿದೆ. ಪೆಟ್ಟಿಗೆ ಬಿಚ್ಚದೆಯೇ ತಿಳಿಯುತ್ತದೆ. ಆಮೇಲೆ ಕೋನ್. ಎರಡೂ ಕೈಯ ಬೆರಳುಗಳನ್ನು ಕೋನ್ ಮೇಲೆ ಹರಡಿ, ಮಗುವಿನ ನೆತ್ತಿ ಮುಟ್ಟುವ ಹಾಗೆ ಮೆತ್ತಗೆ ಒತ್ತಿ ಬಿಡಿ. ಉಜ್ಜಿದ ಸದ್ದು ಬಂದರೆ ವಾಯ್ಸ್ ಕಾಯಿಲ್ ಓರೆಯಾಗಿದೆ. ಕೋನ್ ಬದಲಾಯಿಸಿದ್ದರೆ ಹಿಂದಿನ ಆಯಸ್ಕಾಂತ ಎಷ್ಟೇ ಹಳೆಯದಾಗಿರಲಿ, ಆ ಸ್ಪೀಕರಿಗೆ ನಾನು ಮೂಲದ ಅರ್ಧ ಬೆಲೆ ಮಾತ್ರ ಹಿಡಿಯುತ್ತೇನೆ. ಹಳೆಯ ಸ್ಪೀಕರಿನ ನಾದ ಇರುವುದು ಆ ಕಾಗದದಲ್ಲಿ, ಅದು ಒಣಗಿ ಸಡಿಲವಾದ ರೀತಿಯಲ್ಲಿ.

ಪೆಟ್ಟಿಗೆ ಮತ್ತು ಅದರೊಳಗಿನ ಸ್ಪೀಕರ್‌ಗಳ ನಡುವಿನ ಸಂಬಂಧ ದುಃಖದ ವಿಷಯ. ಅರವತ್ತರ ದಶಕದ ಸೆಲೆಸ್ಟಿಯನ್ ಹಸಿರು ಬೆನ್ನಿನ ಸ್ಪೀಕರ್‌ಗಳಿಗೆ ಎಷ್ಟು ಬೇಡಿಕೆ ಅಂದರೆ, ನಾಲ್ಕನ್ನು ಬಿಡಿಬಿಡಿಯಾಗಿ ಮಾರಿದರೆ ಇಡೀ ಪೆಟ್ಟಿಗೆಗಿಂತ ಹೆಚ್ಚು ಬರುವುದುಂಟು. ಪೆಟ್ಟಿಗೆ ಸುಮಾರು 35 ಕಿಲೋ ತೂಕ, ಅದನ್ನು ವಿಮಾನದಲ್ಲಿ ಕಳಿಸುವವರಿಲ್ಲ. ಸ್ಪೀಕರ್ ಮಾತ್ರ ಸುಲಭವಾಗಿ ಸಮುದ್ರ ದಾಟುತ್ತದೆ. ಹೀಗೆ ಒಳಗು ಕಳೆದುಕೊಂಡ ಪೆಟ್ಟಿಗೆಗಳನ್ನು ನಾನು ಬಹಳ ನೋಡಿದ್ದೇನೆ. ಕೊಳ್ಳುವವರು ಎರಡು ಲೆಕ್ಕ ಹಾಕಬೇಕು, ಬಿಡಿಯಾಗಿ ಎಷ್ಟು, ಇಡಿಯಾಗಿ ಎಷ್ಟು. ಮಾರುವವರು ಇಡಿಯಾಗಿಯೇ ಕೊಡಿ ಎಂದು ನಾನು ಬೇಡಿಕೊಳ್ಳುತ್ತೇನೆ. ಒಟ್ಟಿಗೆ ಅರವತ್ತು ವರ್ಷ ಮಿಡಿದ ನಾಲ್ಕು ಕೋನ್‌ಗಳನ್ನು ಒಮ್ಮೆ ಬೇರೆ ಮಾಡಿದರೆ ಮತ್ತೆ ಕೂಡಿಸುವವರಿಲ್ಲ.

ಮಾಲೀಕರ ಕಣ್ಣೆದುರಿಗಲ್ಲದೆ ನಾನು ಹಲಗೆ ಬಿಚ್ಚದಿರುವ ಕಾರಣವನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಾನೊಂದು ಅಂಗಡಿಯಲ್ಲಿದ್ದೆ. ಮಕ್ಕಳ ಹತ್ತಿರ ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಹಿರಿಯ ವಾದಕರೊಬ್ಬರು ಒಂದು ವಾಕ್ಸ್ ಎಸಿ30 ತಂದರು. ಇಂಗ್ಲೆಂಡಿನ ಡಾರ್ಟ್‌ಫರ್ಡ್‌ನಲ್ಲಿ ತಯಾರಾದದ್ದು, ಬೀಟಲ್ಸ್ ನುಡಿಸಿದ ಮಾದರಿ. ಒಳಗೆ ಎರಡು ನೀಲಿ ಸೆಲೆಸ್ಟಿಯನ್. ಅಂಗಡಿಯ ಯಜಮಾನ ನನ್ನ ಕೈಗೆ ಟಾರ್ಚು ಕೊಟ್ಟು ತಾನು ಒಳಗೆ ಬಗ್ಗಿ ನೋಡಿದ. ‘ವಾಲ್ವೆಲ್ಲ ಹೋಗಿದೆ ಅಂಕಲ್, ಮರದ ಬೆಲೆ ಕೊಡಬಹುದು ಅಷ್ಟೆ’ ಅಂದ. ವಾಲ್ವ್ ಹೋಗಿರಲಿಲ್ಲ, ಫ್ಯೂಸ್ ಮಾತ್ರ ಹೋಗಿತ್ತು. ನನಗೆ ಕಾಣುತ್ತಿತ್ತು, ಟಾರ್ಚು ನನ್ನ ಕೈಯಲ್ಲೇ ಇತ್ತು. ನಾನು ಮಾತಾಡಲಿಲ್ಲ. ಆ ವಾರವೇ ನೀಲಿ ಸ್ಪೀಕರ್‌ಗಳು ಮುಂಬೈಗೆ ಹೋದವು. ಆ ಹಿರಿಯರು ಹೊರಡುವಾಗ ಪೆಟ್ಟಿಗೆಯನ್ನು ಒಮ್ಮೆ ತಟ್ಟಿ ಹೋದದ್ದು ಈಗಲೂ ಕಣ್ಣ ಮುಂದಿದೆ. ಸ್ವಂತ ಅಂಗಡಿ ಇಟ್ಟ ದಿನದಿಂದ ನನ್ನದೊಂದು ಕಟ್ಟುಪಾಡು: ಬೆಲೆ ಹೇಳಿದ ವಸ್ತುವನ್ನು ನಾನು ಕೊಳ್ಳುವುದಿಲ್ಲ, ಕೊಳ್ಳಬೇಕೆಂದಿರುವ ವಸ್ತುವಿಗೆ ಬೆಲೆ ಹೇಳುವುದಿಲ್ಲ. ನಿಮ್ಮ ಹತ್ತಿರ ಇಂಥ ಆಂಪ್ ಇದ್ದರೆ, ಬೆಲೆ ಕಟ್ಟುವವರು ಯಾರು, ಕೊಳ್ಳುವವರು ಯಾರು ಎಂದು ಮೊದಲು ಕೇಳಿ. ಇಬ್ಬರೂ ಒಬ್ಬರೇ ಆದರೆ ಹೊರಗೆ ಬನ್ನಿ.

ವಾಲ್ವ್‌ಗಳ ಬಗ್ಗೆ ಎರಡು ಮಾತು. ವಾಲ್ವ್ ಸವೆಯುವ ವಸ್ತು, ಸೈಕಲ್ಲಿನ ಟೈರಿನಂತೆ. ಬದಲಾಗಿದ್ದರೆ ಆಂಪಿನ ಮೂಲತನಕ್ಕೆ ಕುಂದಿಲ್ಲ. ಆದರೆ ಹಳೆಯ ಒಳ್ಳೆಯ ವಾಲ್ವ್ ಇದ್ದರೆ ಅದಕ್ಕೇ ಬೇರೆ ಹಣ ಕೂಡಿಸಬೇಕು. ಟ್ವಿನ್ ರಿವರ್ಬ್‌ನಲ್ಲಿ ಹತ್ತು ವಾಲ್ವ್, ನಾಲ್ಕು ದೊಡ್ಡವು, ಆರು ಚಿಕ್ಕವು. ಚಿಕ್ಕವುಗಳನ್ನು ಒಂದೊಂದಾಗಿ ತೆಗೆದು ಬೆಳಕಿಗೆ ಹಿಡಿದಾಗ ಎರಡರ ಮೇಲೆ ಬಿಇಎಲ್ ಎಂಬ ಅಚ್ಚು. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್! 1961ರಿಂದ ಅಲ್ಲಿ ರೇಡಿಯೋ ವಾಲ್ವ್ ತಯಾರಾಗುತ್ತಿದ್ದವು. ನಮ್ಮ ರೇಡಿಯೋ ರಿಪೇರಿಯವರು ಕಾಗದದ ಡಬ್ಬಿಗಳಲ್ಲಿ ಪೇರಿಸಿಟ್ಟಿದ್ದ ಆ ಇಸಿಸಿ83 ವಾಲ್ವ್‌ಗಳನ್ನು ಈಗ ಹೊರದೇಶದ ಗಿಟಾರ್ ವಾದಕರೂ ಹುಡುಕುತ್ತಾರೆ. ಕ್ಯಾಲಿಫೋರ್ನಿಯದ ಪೆಟ್ಟಿಗೆಯೊಳಗೆ ಬೆಂಗಳೂರಿನ ವಾಲ್ವ್ ಎಷ್ಟು ವರ್ಷ ಉರಿದಿತ್ತೋ. ನಾನು ಅವನ್ನು ಒರೆಸಿ ಅದೇ ಜಾಗಕ್ಕೆ ಹಾಕಿದೆ. ನಿಮ್ಮ ಊರಿನ ಮುಚ್ಚಿದ ರೇಡಿಯೋ ಅಂಗಡಿಯ ಅಟ್ಟದಲ್ಲಿ ಅಂಥ ಡಬ್ಬಿಗಳಿದ್ದರೆ ಗುಜರಿಗೆ ಹಾಕಬೇಡಿ.

ಕಂಡೆನ್ಸರ್‌ಗಳದು ಬೇರೆಯೇ ವಿಚಾರ. ಮೇನ್ಸ್ ಕಡೆಯ ದೊಡ್ಡ ಫಿಲ್ಟರ್ ಕಂಡೆನ್ಸರ್‌ಗಳು ಹದಿನೈದು ಇಪ್ಪತ್ತು ವರ್ಷಕ್ಕೆ ಒಣಗುತ್ತವೆ. ಬದಲಾಯಿಸಿದರೆ ಬೆಲೆ ಇಳಿಯುತ್ತದೆ ಎಂದು ಹೆದರಿ ಹಾಗೇ ಬಿಡುವವರಿದ್ದಾರೆ, ಅದು ತಪ್ಪು. ಒಣಗಿದ ಕಂಡೆನ್ಸರ್ ಮೇನ್ಸ್ ಟ್ರಾನ್ಸ್‌ಫಾರ್ಮರನ್ನೇ ತಿನ್ನಬಹುದು. ಬದಲಾಯಿಸಿ, ತೆಗೆದ ಹಳೆಯದನ್ನು ಚೀಲದಲ್ಲಿ ಕಟ್ಟಿ ಆಂಪಿನ ಜೊತೆಗೇ ಇಡಿ. ಮುಂದೆ ಕೊಳ್ಳುವವರಿಗೆ ಅದೇ ಪ್ರಮಾಣಪತ್ರ. ಆ ಕಾಲದ ಅಮೆರಿಕದ ಅನೇಕ ಆಂಪ್‌ಗಳಿಗೆ ಎರಡು ಪಿನ್ನಿನ ವಯರ್, ಅರ್ಥ್ ಇಲ್ಲ. ಮೇನ್ಸ್ ತಂತಿಯಿಂದ ಲೋಹದ ಚೌಕಟ್ಟಿಗೆ ಒಂದು ಚಿಕ್ಕ ಕಂಡೆನ್ಸರ್ ಇರುತ್ತದೆ, ಅದು ಕೆಟ್ಟರೆ ಗಿಟಾರಿನ ತಂತಿಯಲ್ಲೇ ಕರೆಂಟು. ಅದನ್ನು ತೆಗೆದು ಮೂರು ಪಿನ್ ಹಾಕುವುದಕ್ಕೆ ಯಾರೂ ಒಂದು ಪೈಸೆ ಕಳೆಯಬಾರದು.

ನಮ್ಮ ಮೈಕ್‌ಸೆಟ್‌ಗಳ ಬಗ್ಗೆಯೂ ಜನ ಕೇಳುತ್ತಾರೆ. ಜಾತ್ರೆ, ಮದುವೆ, ಕಂಪನಿ ನಾಟಕಗಳಲ್ಲಿ ದುಡಿದ ಹಳೆಯ ವಾಲ್ವ್ ಆಂಪ್‌ಗಳು ಇನ್ನೂ ಹಳ್ಳಿಯ ಸೌಂಡ್ ಸರ್ವೀಸ್‌ನವರ ಅಟ್ಟದಲ್ಲಿವೆ. 1940ರಲ್ಲಿ ಶುರುವಾದ ಅಹುಜಾ ಕಂಪನಿಯವೇ ಹೆಚ್ಚು. ‘ವಿಂಟೇಜ್’ ಎಂದು ಅದಕ್ಕೆ ಫೆಂಡರಿನ ಬೆಲೆ ಕೇಳುವುದು ನ್ಯಾಯವಲ್ಲ, ಕಬ್ಬಿಣದ ತೂಕಕ್ಕೆ ಕೊಡುವುದೂ ನ್ಯಾಯವಲ್ಲ. ಉದ್ದುದ್ದ ವಯರ್ ಎಳೆದು ಹಾರ್ನ್‌ಗಳಿಗೆ ಜೋಡಿಸಲೆಂದು ಮಾಡಿದ ಆಂಪ್ ಅದು, ಗಿಟಾರಿಗೆ ಹೊಂದಿಸಲು ಬಲ್ಲವರ ಕೈ ಬೇಕು. ಆದರೆ ಅದರ ಟ್ರಾನ್ಸ್‌ಫಾರ್ಮರ್‌ಗಳು ಗಟ್ಟಿ, 230 ವೋಲ್ಟಿಗೇ ಹುಟ್ಟಿದವು. ನಮ್ಮಲ್ಲಿ ವಾಲ್ವ್ ನಾದ ಕಲಿಯಬಯಸುವ ಹುಡುಗರಿಗೆ ಅದಕ್ಕಿಂತ ಒಳ್ಳೆಯ ಮೊದಲ ಮೆಟ್ಟಿಲು ನನಗೆ ಗೊತ್ತಿಲ್ಲ. ಎರಡು ಟ್ರಾನ್ಸ್‌ಫಾರ್ಮರ್, ಕೆಲಸ ಮಾಡುವ ವಾಲ್ವ್, ಗಟ್ಟಿ ಪೆಟ್ಟಿಗೆ, ಇವುಗಳ ಈವತ್ತಿನ ಬೆಲೆ ಕೂಡಿಸಿ, ಅದರ ಮೇಲೆ ಸ್ವಲ್ಪ ಗೌರವ ಸೇರಿಸಿ.

ಲೆಕ್ಕ ಎಲ್ಲಿಂದ ಶುರು ಮಾಡಬೇಕು? ಮಾರುವವರು ಹೇಳುವ ಬೆಲೆಗಳನ್ನು ನಾನು ನೋಡುವುದಿಲ್ಲ, ಕೊಂಡವರು ಕೊಟ್ಟ ಬೆಲೆಗಳನ್ನು ನೋಡುತ್ತೇನೆ. ನಾಲ್ಕು ಲಕ್ಷ ಎಂದು ಬೋರ್ಡು ಹಾಕಿ ಎರಡು ವರ್ಷದಿಂದ ಮಾರಾಟವಾಗದೆ ಕೂತ ಆಂಪ್ ನಾಲ್ಕು ಲಕ್ಷದ್ದಲ್ಲ. ಅದೇ ಮಾದರಿ, ಅದೇ ಕಾಲ, ಕಳೆದ ಒಂದು ವರ್ಷದಲ್ಲಿ ನಿಜವಾಗಿ ಕೈ ಬದಲಿಸಿದ ಬೆಲೆ ಬೇಕು. ಹೊರದೇಶದ ಬೆಲೆಯಾದರೆ ಅದಕ್ಕೆ ಸಾಗಣೆ, ಸುಂಕ ಸೇರಿಸಿದರೆ ಮಾತ್ರ ಇಲ್ಲಿಯ ಕೊಳ್ಳುವವರಿಗೆ ಹೋಲಿಕೆ. ಟ್ವಿನ್ ರಿವರ್ಬ್ ಸುಮಾರು 29 ಕಿಲೋ, ಸಾಗಣೆ ಖರ್ಚು ಚಿಲ್ಲರೆ ಅಲ್ಲ. ಇಂಥ ದೊಡ್ಡ ವಾದಕರು ಇದರಲ್ಲಿ ನುಡಿಸಿದ್ದರು ಎಂಬ ಮಾತಿಗೆ, ಕಾಗದವೋ ಪೆಟ್ಟಿಗೆಯ ಮೇಲಿನ ಗೀರುಗಳು ತಾಳೆಯಾಗುವ ಫೋಟೋವೋ ಇಲ್ಲದೆ ಒಂದು ರೂಪಾಯಿಯನ್ನೂ ಸೇರಿಸಬೇಡಿ.

ಹೀಗೆ ಸಿಕ್ಕ ಬೆಲೆಯನ್ನು ನಾನು ನೂರು ಎಂದು ಇಟ್ಟುಕೊಳ್ಳುತ್ತೇನೆ. ಯಾರೂ ಮುಟ್ಟದ, ಚೆನ್ನಾಗಿ ನುಡಿಯುವ ಆಂಪ್ ನೂರು. ಆಮೇಲೆ ಕಳೆಯುವುದು, ಒಂದೊಂದಕ್ಕೂ ಕಾರಣ ಬರೆದು. ಆ ತಾಯಿಯ ಎದುರಿಗೇ ಒಂದು ಹಾಳೆ ತೆಗೆದುಕೊಂಡೆ. ಮೇನ್ಸ್ ಟ್ರಾನ್ಸ್‌ಫಾರ್ಮರ್ ಮೂಲದ್ದಲ್ಲ, ಇಪ್ಪತ್ತು ಕಳೆದೆ. ಇಲ್ಲಿಯ ವಿದ್ಯುತ್ತಿಗೆ ಚೆನ್ನಾಗಿ ಸುತ್ತಿದ್ದಾರೆ, ಐದು ವಾಪಸ್ ಕೊಟ್ಟೆ. ಎರಡು ಸ್ಪೀಕರಿನಲ್ಲಿ ಒಂದೇ ಆಕ್ಸ್‌ಫರ್ಡ್, ಇನ್ನೊಂದು ಮೈಕ್‌ಸೆಟ್ ಬಾಕ್ಸಿನಿಂದ ತಂದು ಕೂರಿಸಿದ್ದು, ಎಂಟು. ಕಂಡೆನ್ಸರ್ ಮತ್ತು ಮೂರು ಪಿನ್ನಿನ ಕೆಲಸಕ್ಕೆ ತಗಲುವ ಖರ್ಚು, ಆರು. ಪಕ್ಕದ ಹೊದಿಕೆಯನ್ನು ಇಲಿ ಕಡಿದದ್ದು, ನಾಲ್ಕು. ರಿವರ್ಬ್ ಸ್ಪ್ರಿಂಗಿನ ಚೀಲ ಹರಿದದ್ದು, ಒಂದು ಗುಂಡಿ ಇಲ್ಲದ್ದು, ಎರಡು. ಉಳಿದದ್ದು ಅರವತ್ತೈದು. ಈ ಅಂಕಿಗಳು ಶಾಸನವಲ್ಲ, ನನ್ನ ಕಣ್ಣು ಕಿವಿಗಳ ಅಳತೆ. ಬೇರೆ ರಿಪೇರಿಯವರು ಟ್ರಾನ್ಸ್‌ಫಾರ್ಮರಿಗೆ ಹದಿನೈದರ ಬದಲು ಹದಿನೆಂಟು ಅಂದಾರು. ಕಾರಣ ಬರೆದಿದ್ದರೆ ಮಾತ್ರ ಆ ಮೂರರ ಬಗ್ಗೆ ಕೂತು ಚರ್ಚೆ ಮಾಡಬಹುದು.

ತಾಯಿ ಹಾಳೆ ಓದಿದರು. ಇಲಿಯ ನಾಲ್ಕರ ಬಳಿ ಬೆರಳಿಟ್ಟು, ‘ಇದು ನನ್ನ ತಪ್ಪು, ಅಟ್ಟದ ಕಿಟಕಿ ಮುಚ್ಚಬೇಕಿತ್ತು’ ಅಂದರು. ಹಾಳೆಯನ್ನು ಮಡಚಿ ತೆಗೆದುಕೊಂಡು ಹೋದರು.

ಎರಡು ವಾರದ ಮೇಲೆ ಹುಬ್ಬಳ್ಳಿ ಕಡೆಯ ಹುಡುಗನೊಬ್ಬ, ಇಲ್ಲಿ ಒಂದು ಬ್ಯಾಂಡಿನಲ್ಲಿ ಗಿಟಾರ್ ನುಡಿಸುವವನು, ಕೊಳ್ಳಲು ಮುಂದೆ ಬಂದ. ಅದೇ ಹಾಳೆಯನ್ನು ಅವನಿಗೂ ಕೊಟ್ಟೆವು. ಹಲಗೆ ಬಿಚ್ಚಿ ಒಂದೊಂದು ಸಂಖ್ಯೆಯನ್ನೂ ಅವನೇ ಓದಿದ. ‘ಸರ, ಟ್ರಾನ್ಸ್‌ಫಾರ್ಮರ್ ನನಗ ಅನುಕೂಲನ ಆಗತೈತಿ, ಅದಕ್ಕ ಇನ್ನೂ ಸ್ವಲ್ಪ ಸೇರಸ್ರಿ ಅಮ್ಮಾರಿಗೆ’ ಎಂದ. ತಾಯಿ ಬೇಡವೆಂದರು. ಸ್ಪೀಕರ್ ಜೋಡಿಸಿ, ವಾಲ್ವ್ ಬಿಸಿಯಾಗುವವರೆಗೆ ಕಾದು, ಅವನು ಒಂದು ತಂತಿ ಮೀಟಿದ. ನಾವು ಮೂವರೂ ಅದು ಪೂರ್ತಿ ಅಡಗುವವರೆಗೆ ಮಾತಾಡಲಿಲ್ಲ.

ಮರುದಿನ ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಆ ತಾಯಿ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಬಟ್ಟೆ ಚೀಲ. ರಾತ್ರಿ ನಿದ್ದೆ ಬರದೆ ಯಜಮಾನರ ಬೀರು ತೆಗೆದಾಗ ಸಿಕ್ಕಿತಂತೆ: ಟ್ವಿನ್ ರಿವರ್ಬ್‌ನ ಎರಡು ಗುಂಡಿಯ ಮೂಲ ಕಾಲ್ಸ್ವಿಚ್, ಜೊತೆಗೆ ಆಂಪಿನ ಮೇಲೆ ಹೊದಿಸುತ್ತಿದ್ದ ಕ್ಯಾನ್ವಾಸ್ ಕವರು. ‘ಇದು ಇದರ ಜೊತೇಲೇ ಹೋಗಬೇಕು, ಅಲ್ವಾ ಅಣ್ಣಾ?’ ಎಂದರು. ಹುಡುಗನಿಗೆ ಫೋನು ಮಾಡಿದೆ, ಅವನು ಆಗಲಿ ಎಂದ. ಹಾಳೆಯಲ್ಲಿ ಅರವತ್ತೈದನ್ನು ಹೊಡೆದುಹಾಕಿ, ಪಕ್ಕದಲ್ಲಿ ಕಾರಣ ಬರೆದು, ಅರವತ್ತೆಂಟು ಮಾಡಿದೆ.